ಬ್ರೇಕ್ ಹಿಡಿದ ಕೈ

ಮೂರು ದಿನದಿಂದ ಆ ಸೈಕಲ್ಲು ಅಂಗಡಿಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಆ ಮೂರು ದಿನವೂ ಅವನು ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸ ಮಾಡಿದ್ದ. ಚೆಲ್ಲಾಪಿಲ್ಲಿಯಾಗಿದ್ದ ಸ್ಕ್ರೂಗಳನ್ನು ಅಳತೆ ನೋಡಿ ನೋಡಿ ಡಬ್ಬಿಗಳಿಗೆ ತುಂಬಿದ್ದ, ಯಾರೂ ಕೇಳದಿದ್ದ ಹಳೆಯ ಚಾರ್ಜರೊಂದನ್ನು ಬಿಚ್ಚಿ ರಿಪೇರಿ ಮಾಡಿದ್ದ, ಕಿಟಕಿಯ ಗಾಜು ಕೂಡ ಒರೆಸಿದ್ದ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಅಮ್ಮ ಹಾಸಿಗೆ ಹಿಡಿದು ಎಂಟು ತಿಂಗಳು ಮಲಗಿದ್ದ ಕೋಣೆ. ಅವಳ ಮಂಚವಿದ್ದ ಜಾಗದಲ್ಲಿ ಈಗ ಸೈಕಲ್ಲನ್ನು ನೆಲದಿಂದ ಎತ್ತಿ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು ಇತ್ತು. ಜನ ತಂದುಕೊಟ್ಟ ಸಾದಾ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ, ಹೊಟ್ಟೆಯಲ್ಲಿ ಮೋಟಾರಿರುವ ಚಕ್ರ ಕೂರಿಸಿ, ಬ್ಯಾಟರಿ, ಮೋಟಾರಿಗೆ ಹೋಗುವ ಕರೆಂಟನ್ನು ಹದ್ದಿನಲ್ಲಿಡುವ ಕಂಟ್ರೋಲರು, ಹ್ಯಾಂಡಲ್ಲಿಗೆ ಕೈಯಲ್ಲಿ ತಿರುಚುವ ಥ್ರಾಟಲ್ಲು ಎಲ್ಲವನ್ನೂ ಜೋಡಿಸಿ ಅದನ್ನು ಕರೆಂಟ್ ಸೈಕಲ್ಲು ಮಾಡಿಕೊಡುವುದು ಅವನ ಕಸುಬು. ಪಂಪಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೋಟಾರಿಗೆ ತಂತಿ ಸುತ್ತಿದವನಿಗೆ ಇದು ದೊಡ್ಡ ವಿದ್ಯೆಯೇನಲ್ಲ. ಮೂಲೆಯ ಸೈಕಲ್ಲಿನಿಂದ ಅದನ್ನೆಲ್ಲ ಕಿತ್ತುಹಾಕಬೇಕಿತ್ತು, ಅಷ್ಟೇ. ಒಂದು ಗಂಟೆಯ ಕೆಲಸ.

ಆದರೆ ಬೆಳಿಗ್ಗೆ ಆ ಸೈಕಲ್ಲಿನ ಒಡತಿ, ನರ್ಸು ಸಿಸ್ಟರ್ ಅವರ ಅಳಿಯನ ಫೋನು ಬಂದ ಮೇಲೆ ಇನ್ನು ನೆಪ ಹುಡುಕುವಂತಿರಲಿಲ್ಲ. ಅಳಿಯ ಬಹಳ ಮರ್ಯಾದಸ್ಥ. ಆ ಮರ್ಯಾದೆಯೇ ಅವನಿಗೆ ಚುಚ್ಚುತ್ತಿತ್ತು. "ಆಯ್ತಾ ಸಾರ್? ಅವಸರ ಏನಿಲ್ಲ. ಇವತ್ತು ನಾಲ್ಕು ಗಂಟೆಗೆ ಅತ್ತೆ ನನ್ನ ಜೊತೆ ಕ್ಲಿನಿಕ್ಕಿಗೆ ಹೋಗಿ ಬ್ಯಾಗು ಒಪ್ಪಿಸಿ ಬರ್ತಾರೆ. ವಾಪಸ್ ಬರ್ತಾ ನಾನು ನಿಮ್ಮ ಹತ್ರ ಬಂದು ಸೈಕಲ್ ತಗೊಂಡು ಹೋಗ್ತೀನಿ."

"ಯಾವ ಬ್ಯಾಗು?" ಎಂದ ಅವನು, ಗೊತ್ತಿದ್ದೂ.

"ಅದೇ ಸಾರ್, ಮನೆಮನೆಗೆ ಹೋಗ್ತಾರಲ್ಲ, ಡ್ರೆಸ್ಸಿಂಗು, ಇಂಜೆಕ್ಷನ್ನು ಅಂತ. ಡಾಕ್ಟ್ರೇನೂ ಬಿಡಿ ಅನ್ಲಿಲ್ಲ. ಮಣಿಕಟ್ಟು ಕೂಡಿಕೊಂಡ ಮೇಲೆ ಬನ್ನಿ ಅಂದ್ರು. ಇವರೇ ಹಟ ಹಿಡಿದಿದ್ದಾರೆ. ಗಾಬರೀಲಿ ನನ್ನ ಕೈ ಏನು ಮಾಡ್ತು ಅಂತ ನನಗೇ ಗೊತ್ತಾಗ್ಲಿಲ್ಲ, ಇಂಥ ಕೈಲಿ ಇನ್ನೊಬ್ಬರ ಮೈಗೆ ಸೂಜಿ ಚುಚ್ಚೋಕಾಗಲ್ಲ ಅಂತ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡಿ, ವಯಸ್ಸಾಯ್ತಲ್ಲ. ನಿಮ್ಮದೇನೂ ತಪ್ಪಿಲ್ಲ ಸಾರ್, ನೀವು ಮನಸ್ಸಿಗೆ ಹಚ್ಕೋಬೇಡಿ."

ಅಳಿಯ ಫೋನಿಟ್ಟ ಮೇಲೂ ಅವನು ತನ್ನ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದ. ನಿಮ್ಮದೇನೂ ತಪ್ಪಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲೂ ಇದೇ ಮಾತು ಆಡಿದ್ದ ಅಳಿಯ, ಭುಜದ ಮೇಲೆ ಕೈಯಿಟ್ಟು. ಹನ್ನೆರಡು ದಿನದ ಹಿಂದೆ. ಸುದ್ದಿ ಕೇಳಿದ ಕೂಡಲೇ ಓಡಿದ್ದ ಇವನು, ಕೈಗೆ ಮೆತ್ತಿದ್ದ ಗ್ರೀಸನ್ನೂ ತೊಳೆಯದೆ. ಸಿಸ್ಟರ್ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಎಡಗೈಗೆ ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರು, ಕೆನ್ನೆಯ ಮೇಲೆ ತರಚಿದ ಗಾಯ. ಜೀವನಪೂರ್ತಿ ಬೇರೆಯವರನ್ನು ಮಲಗಿಸಿ ಕೂರಿಸಿ ಮಾಡಿದವರಿಗೆ ತಾನೇ ಮಂಚದ ಮೇಲಿರುವುದು ನಾಚಿಕೆಯಾದ ಹಾಗಿತ್ತು. ಮನೆಯ ತಿರುವಿನಲ್ಲಿ ಸೈಕಲ್ಲು ತಾನಾಗಿಯೇ ನುಗ್ಗಿತು, ಎದುರಿನ ಕಾಂಪೌಂಡಿಗೆ ಹೊಡೆಯಿತು. ಅವರು ಹೇಳಿದ್ದು ಅಷ್ಟೇ. "ನಾನು ಬ್ರೇಕ್ ಹಿಡಿದಿದ್ದೆ. ಗಟ್ಟಿಯಾಗಿ ಹಿಡಿದಿದ್ದೆ." ಆಗ ಅಳಿಯ ಇವನತ್ತ ತಿರುಗಿದ್ದ. ಜಗಳಕ್ಕಲ್ಲ, ಸುಮ್ಮನೆ ತಿಳಿದುಕೊಳ್ಳಲು. "ಬ್ರೇಕ್ ಹಿಡಿದ್ರೆ ಮೋಟಾರು ತಾನೇ ನಿಂತುಹೋಗುತ್ತೆ ಅಲ್ವಾ ಸಾರ್? ಸೈಕಲ್ ಕೊಡುವಾಗ ನೀವೇ ಹೇಳಿದ್ರಲ್ಲ."

"ಹೌದು," ಎಂದಿದ್ದ ಇವನು. "ಬ್ರೇಕ್ ಹಿಡಿದ್ರೆ ನಿಲ್ಲಲೇಬೇಕು."

ಅದರಲ್ಲಿ ಸುಳ್ಳೇನಿರಲಿಲ್ಲ. ಈ ಮೋಟಾರಿನ ಕಿಟ್ಟಿನ ಜೊತೆ ಬರುವ ಬ್ರೇಕ್ ಲಿವರಿನೊಳಗೆ ಒಂದು ಸಣ್ಣ ಸ್ವಿಚ್ಚು ಇರುತ್ತದೆ; ಲಿವರನ್ನು ಚೂರು ಎಳೆದರೂ ಸಾಕು, ಮೋಟಾರಿಗೆ ಕರೆಂಟು ಹೋಗುವುದು ನಿಲ್ಲುತ್ತದೆ. ನಿಲ್ಲಲೇಬೇಕು. ಮಗಳು ಆಗ ಅಮ್ಮನ ತಲೆ ನೇವರಿಸುತ್ತಾ, "ಗಾಬರೀಲಿ ಥ್ರಾಟಲ್ ತಿರುಚಿಬಿಟ್ಟಿರ್ತೀಯಮ್ಮ. ಬ್ರೇಕ್ ಹಿಡಿದೆ ಅಂತ ಅನ್ನಿಸಿರುತ್ತೆ. ಯಾರಿಗಾದ್ರೂ ಆಗುತ್ತೆ," ಎಂದಳು. ಸಿಸ್ಟರ್ ಇವನ ಮುಖ ನೋಡಿದರು. ಇವನು ಕಿಟಕಿ ನೋಡಿದ. ಆಮೇಲೆ ಅವರು ಹೊದಿಕೆಯ ಮೇಲಿದ್ದ ತಮ್ಮ ಬಲಗೈಯನ್ನು, ಯಾರದೋ ಕೈ ಇಲ್ಲಿ ಬಿದ್ದಿದೆ ಎಂಬ ಹಾಗೆ, ತುಂಬ ಹೊತ್ತು ನೋಡುತ್ತಾ ಕೂತರು.

ಸೈಕಲ್ಲನ್ನು ಎತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿದಾಗ ಗಂಟೆ ಹತ್ತು. ಇದರಲ್ಲಿ ಏನು ಸಿಗಬಹುದೆಂದು ಅವನಿಗೆ ಅರ್ಧ ಗೊತ್ತಿತ್ತು. ಆ ಅರ್ಧವೇ ಮೂರು ದಿನ ಕಿಟಕಿ ಒರೆಸುವಂತೆ ಮಾಡಿತ್ತು. ಬ್ರೇಕ್ ಸ್ವಿಚ್ಚಿನ ವೈರನ್ನು ಕಂಟ್ರೋಲರಿಂದ ಕಳಚಿ, ತುದಿಗೆ ಟೇಪು ಸುತ್ತಿ, ಕಂಟ್ರೋಲರಿನ ಚೀಲದೊಳಗೆ ತುರುಕಿದವನು ಅವನೇ. ಸಿಸ್ಟರಿಗೆ ಒಂದು ಅಭ್ಯಾಸ: ಸೈಕಲ್ ಬಿಡುವಾಗ ಎರಡು ಬೆರಳು ಸದಾ ಬ್ರೇಕ್ ಲಿವರಿನ ಮೇಲೇ ಇರಬೇಕು. ಅಷ್ಟು ಜಾಗ್ರತೆಯ ಹೆಂಗಸು. ಬೆರಳಿನ ಭಾರಕ್ಕೇ ಲಿವರು ಜಗ್ಗಿ, ಸ್ವಿಚ್ಚು ಕೆಲಸಮಾಡಿ, ಮೋಟಾರು ಹೆಜ್ಜೆಹೆಜ್ಜೆಗೂ ನಿಲ್ಲುತ್ತಿತ್ತು. "ಇಂಜಿನಿಯರ್ರೇ, ನಿಮ್ಮ ಕುದುರೆ ಮತ್ತೆ ಮುಷ್ಕರ ಹೂಡಿದೆ," ಎಂದು ನಗುತ್ತಾ ಅವರು ಅಂಗಡಿಗೆ ಬರುತ್ತಿದ್ದರು. ಒಮ್ಮೆ, ಎರಡು ಸಲ, ಮೂರು ಸಲ. ಇಂಜಿನಿಯರ್ ಎಂಬುದು ಅಮ್ಮ ಕಟ್ಟಿದ ಬಿರುದು. ತಂತಿ ಸುತ್ತುವ ಮಗನನ್ನು ಅವಳು ಬಂದವರಿಗೆಲ್ಲ ಹಾಗೆ ಕೊಚ್ಚಿಕೊಳ್ಳುತ್ತಿದ್ದಳು. ಅವಳ ಬೆನ್ನಿನ ಹುಣ್ಣಿಗೆ ದಿನಾ ಡ್ರೆಸ್ಸಿಂಗ್ ಮಾಡಲು ಬರುತ್ತಿದ್ದ ಸಿಸ್ಟರ್ ಮೊದಲ ದಿನವೇ ಇವನ ಕೈ ನೋಡಿ, ನಿಜ ಏನೆಂದು ತಿಳಿದುಕೊಂಡು, ಆದರೂ ಆ ಹೆಸರನ್ನೇ ಉಳಿಸಿದರು. ಇಂಜಿನಿಯರ್ರೇ, ಬಿಸಿನೀರು. ಇಂಜಿನಿಯರ್ರೇ, ಈ ಕಡೆ ಹಿಡ್ಕೊಳ್ಳಿ, ಅಮ್ಮನ್ನ ಹೊರಳಿಸೋಣ. ಅಮ್ಮ ಒಂದು ದಿನ ಕೇಳಿದಳು, ಇದು ವಾಸಿಯಾಗುತ್ತಾ ತಾಯಿ ಎಂದು. ಬಂದುಹೋಗುವವರೆಲ್ಲ ಆಗುತ್ತೆ ಆಗುತ್ತೆ ಎನ್ನುತ್ತಿದ್ದ ಕಾಲ. ಸಿಸ್ಟರ್ ಮಾತ್ರ, "ಇಲ್ಲಮ್ಮ. ನೋವು ಕಮ್ಮಿ ಮಾಡ್ತೀನಿ, ಅಷ್ಟು ನನ್ನ ಕೈಲಾಗುತ್ತೆ," ಎಂದರು. ಅಮ್ಮ ಅವತ್ತು ಅತ್ತಳು. ರಾತ್ರಿ ಮಾತ್ರ ತಿಂಗಳುಗಟ್ಟಲೆ ಇಲ್ಲದ ನಿದ್ದೆ ಮಾಡಿದಳು.

ಅಮ್ಮ ಹೋದ ಮೇಲೆ ಸಿಸ್ಟರ್ ಬರಲು ಕಾರಣವೇ ಉಳಿಯಲಿಲ್ಲ. ಎರಡು ವರ್ಷ. ಮನೆಯೊಳಗೆ ಅವನದಲ್ಲದ ಇನ್ನೊಂದು ದನಿ ಎಂದರೆ ಫ್ರಿಜ್ಜಿನದು. ಆಮೇಲೆ ಒಂದು ಬೆಳಿಗ್ಗೆ ಅವರೇ ಸೈಕಲ್ಲು ತಳ್ಳಿಕೊಂಡು ಬಂದು, ಮಂಡಿ ಮಾತು ಕೇಳ್ತಿಲ್ಲ ಇಂಜಿನಿಯರ್ರೇ, ಇದಕ್ಕೊಂದು ಮೋಟಾರ್ ಹಾಕಿಕೊಡಿ ಎಂದಾಗ, ಮೂರು ದಿನದ ಕೆಲಸವನ್ನು ಅವನು ಹದಿನಾರು ದಿನ ಎಳೆದಿದ್ದ. ಸೀಟು ಕೂತು ನೋಡಿ, ಹ್ಯಾಂಡಲ್ ಹಿಡಿದು ನೋಡಿ ಎಂದು ಕರೆಸಿದ್ದ. ಆ ಆಸೆಯನ್ನು ಏನೆಂದು ಕರೆಯಬೇಕೋ ಅವನಿಗೇ ಗೊತ್ತಿರಲಿಲ್ಲ. ಐವತ್ತು ದಾಟಿದವನು, ಅವರು ತನಗಿಂತ ಆರು ವರ್ಷ ದೊಡ್ಡವರು. ಅಂಥದ್ದೇನೂ ಅಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದ, ಕೇಳಿದವರು ಯಾರೂ ಇಲ್ಲದಿದ್ದರೂ. ಸ್ಟೂಲಿನ ಮೇಲೆ ಯಾರೋ ಕೂತು ಚಹಾ ಕುಡಿಯುತ್ತಾ ಮಾತಾಡಬೇಕು, ತಾನು ಸ್ಪ್ಯಾನರ್ ತಿರುಗಿಸುತ್ತಾ ಹ್ಞೂಂ ಅನ್ನಬೇಕು. ಇಷ್ಟೇ ಬೇಕಾಗಿದ್ದದ್ದು.

ಬ್ಯಾಟರಿ ಸಿಕ್ಕಿಸುವ ಮೊದಲು ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದ. ರಿಮ್ಮಿನ ಅಂಚಿನ ಮೇಲೆ ಸುತ್ತಲೂ ಕಪ್ಪಗೆ ಏನೋ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದ. ರಬ್ಬರು. ಬಗ್ಗಿ, ರಿಮ್ಮನ್ನು ಅಮುಕಿ ಹಿಡಿಯುವ ಬ್ರೇಕ್ ರಬ್ಬರುಗಳನ್ನು ನೋಡಿದ. ಅವನೇ ಹೊಸದಾಗಿ ಹಾಕಿದ್ದ ರಬ್ಬರುಗಳು ಒಂದು ಪಕ್ಕಕ್ಕೆ ಸುಟ್ಟು, ಕರಗಿ, ಹೊಳೆಯುತ್ತಿದ್ದವು. ಪೂರ್ತಿ ವೇಗದಲ್ಲಿ ಓಡುತ್ತಿರುವ ಮೋಟಾರನ್ನು ಬರೀ ಕೈಬಲದಿಂದ ಹಿಡಿದು ನಿಲ್ಲಿಸಲು ಹೋದರೆ ಮಾತ್ರ ರಬ್ಬರು ಹೀಗೆ ಕರಗುತ್ತದೆ. ಅವನು ನೆಲದ ಮೇಲೆ ಕೂತುಬಿಟ್ಟ. ಹಿಡಿದಿದ್ದರು. ಕೈ ಮುರಿಯುವ ತನಕ ಹಿಡಿದಿದ್ದರು.

ಇನ್ನರ್ಧ ಉಳಿದಿತ್ತು. ಸ್ವಿಚ್ಚು ಕಳಚಿದ್ದರೆ ಮೋಟಾರು ನಿಲ್ಲದಿರಬಹುದು. ಆದರೆ ತಾನಾಗಿ ನುಗ್ಗಿದ್ದೇಕೆ? ಬ್ಯಾಟರಿ ಸಿಕ್ಕಿಸಿ ಕೀಲಿ ತಿರುಗಿಸಿದ. ಥ್ರಾಟಲ್ಲನ್ನು ಮೆಲ್ಲಗೆ ತಿರುಚಿದ. ಚಕ್ರ ಮೆಲ್ಲಗೆ ತಿರುಗಿತು. ಬಿಟ್ಟ, ನಿಂತಿತು. ಹತ್ತು ಸಲ ಮಾಡಿದ, ಹತ್ತು ಸಲವೂ ಸರಿ. ಒಂದು ಕ್ಷಣ ಎದೆ ಹಗುರಾಯಿತು. ಹಾಗಾದರೆ ಅವರೇ ತಿರುಚಿರಬೇಕು ಎಂಬ ಮಾತು ಅವನೊಳಗೆ ತಲೆಯೆತ್ತಿತು, ಅದಕ್ಕೆ ಅವನು ಸಂತೋಷಪಟ್ಟ, ಸಂತೋಷಪಟ್ಟದ್ದಕ್ಕೆ ಹೇಸಿಕೊಂಡ. ಆಮೇಲೆ, ಅವರು ಬಿದ್ದದ್ದು ತಿರುವಿನಲ್ಲಿ ಎಂದು ನೆನಪಾಗಿ, ಥ್ರಾಟಲ್ಲನ್ನು ಮುಟ್ಟದೆ ಹ್ಯಾಂಡಲ್ಲನ್ನು ಮಾತ್ರ ಎಡಕ್ಕೆ ತಿರುಗಿಸಿದ.

ಚಕ್ರ ಕಿರುಚಿಕೊಂಡು ಎದ್ದಿತು. ಸ್ಟ್ಯಾಂಡು ನಡುಗಿ, ಮೇಜಿನ ಮೇಲಿದ್ದ ಡಬ್ಬಿಗಳು ಕುಣಿದವು. ಅವನು ಕೀಲಿಗೆ ಕೈಹಾಕುವ ಮೊದಲು ಬ್ರೇಕನ್ನೇ ಹಿಡಿದ. ಯಾರೇ ಆಗಲಿ ಹಿಡಿಯುವುದು ಅದನ್ನೇ. ಲಿವರು ಅಂಗೈಗೆ ಒತ್ತಿತು, ಚಕ್ರ ನಿಲ್ಲಲಿಲ್ಲ, ಸುಟ್ಟ ರಬ್ಬರಿನ ವಾಸನೆ ಕೋಣೆಯೆಲ್ಲ ತುಂಬಿತು. ಕೀಲಿ ಬಂದ್ ಮಾಡಿ, ಬೆವರು ಒರೆಸಿಕೊಂಡು, ಥ್ರಾಟಲ್ಲಿನಿಂದ ಬರುವ ವೈರಿನ ಮೇಲಿನ ಕಪ್ಪು ಕೊಳವೆಯನ್ನು ಬ್ಲೇಡಿನಿಂದ ಸೀಳಿದ. ಒಳಗೆ ಮೂರು ತಂತಿ: ಕೆಂಪು, ಹಸಿರು, ಕಪ್ಪು. ಕಪ್ಪು ತಂತಿಯ ಬೆಸುಗೆ ಬಿಟ್ಟುಕೊಂಡಿತ್ತು. ಹ್ಯಾಂಡಲ್ಲು ನೇರ ಇದ್ದಾಗ ಎರಡು ತುದಿ ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು, ತಿರುಗಿಸಿದರೆ ಬಿಡುತ್ತಿದ್ದವು. ಕಪ್ಪು ಬಿಟ್ಟರೆ, ಥ್ರಾಟಲ್ಲನ್ನು ಪೂರ್ತಿ ತಿರುಚಿದ್ದಾರೆ ಎಂದೇ ಈ ಅಗ್ಗದ ಕಂಟ್ರೋಲರು ತಿಳಿಯುತ್ತದೆ. ಕಿಟ್ ಕಟ್ಟುವ ಪ್ರತಿಯೊಬ್ಬನಿಗೂ ಇದು ಮೊದಲ ಪಾಠ.

ಬೆಸುಗೆಯ ಬಣ್ಣ ನೋಡಿದ. ಬೂದಿ. ಸರಿಯಾದ ಬೆಸುಗೆ ಹೊಳೆಯುತ್ತದೆ. ಸೀಸ ತಣಿಯುವಷ್ಟು ಹೊತ್ತು, ಎರಡೇ ಎರಡು ಸೆಕೆಂಡು, ಕೈ ಅಲುಗಬಾರದು, ಅಲುಗಿದರೆ ಹೀಗೆ ಬೂದಿಯಾಗುತ್ತದೆ. ಯಾವಾಗ ಅಲುಗಿತೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ಹ್ಯಾಂಡಲ್ಲು ಚೂರು ಎತ್ತರ ಬೇಕು ಎಂದು ಅವರು ಕೇಳಿದ್ದರಿಂದ ವೈರು ಸಾಲದೆ, ಕತ್ತರಿಸಿ ಉದ್ದ ಮಾಡುತ್ತಿದ್ದ ದಿನ. ಅವರು ಸ್ಟೂಲಿನ ಮೇಲೆ ಕೂತು, ಯಾವುದೋ ಮನೆಯ ಮುದುಕ ಇಂಜೆಕ್ಷನ್ನಿಗೆ ಹೆದರಿ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡ ಕಥೆ ಹೇಳುತ್ತಿದ್ದರು. "ಒಳಗಿಂದ ಕೂಗ್ತಾನೆ, ನಾನು ಮನೇಲಿಲ್ಲ, ನಾಳೆ ಬನ್ನಿ!" ಇವನು ನಕ್ಕ. ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ಹಿಡಿದು ನಕ್ಕ. ಕೈಯಲ್ಲಿ ಬೆಸುಗೆ ಕಡ್ಡಿ ಇತ್ತು. ನಗು ಮುಗಿದ ಮೇಲೆ ಮತ್ತೊಮ್ಮೆ ನೋಡದೆ ಮೇಲೆ ಕೊಳವೆ ಎಳೆದು ಮುಚ್ಚಿದ. ಅಲುಗಿದ್ದು ಅವನ ಕೈ.

"ಅಣ್ಣಾ, ನಂದು ರೆಡೀನಾ?" ಬಾಗಿಲಲ್ಲಿ ಬ್ರೆಡ್ಡಿನವನು ನಿಂತಿದ್ದ, ಮನೆಮನೆಗೆ ಬ್ರೆಡ್ಡು ಹಾಕುವವನು, ತನ್ನ ಚಾರ್ಜರನ್ನು ರಿಪೇರಿಗೆ ಕೊಟ್ಟುಹೋಗಿದ್ದ. ಅವನ ಕಣ್ಣು ಸ್ಟ್ಯಾಂಡಿನ ಕಡೆ ಹೋಯಿತು. "ಇದು ಆ ನರ್ಸಮ್ಮಂದಲ್ವಾ? ಬಿದ್ರಂತಲ್ಲ ಪಾಪ. ಬ್ರೇಕ್ ಹಿಡಿಯೋ ಬದಲು ಥ್ರಾಟಲ್ ತಿರುಚಿದ್ರಂತೆ. ಆ ವಯಸ್ಸಿಗೆ ಯಾಕಣ್ಣ ಬೇಕು ಇದೆಲ್ಲ? ನಿಮ್ಮ ಕೈಕೆಲಸ ಅಂದ್ರೆ ಕಣ್ಣು ಮುಚ್ಕೊಂಡು ಹತ್ತಬಹುದು, ಅದು ನಮಗೆ ಗೊತ್ತು. ನಮ್ಮ ಕಡೆ ಎಲ್ಲರಿಗೂ ಅದೇ ಹೇಳ್ತೀನಿ ನಾನು."

ಇವನು ಚಾರ್ಜರ್ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿ, "ಹ್ಞೂಂ," ಎಂದ. ಅಷ್ಟೇ ಅಂದದ್ದು. ಬ್ರೆಡ್ಡಿನವನು ಹೋದ ಮೇಲೆ ಆ ಹ್ಞೂಂ ಕೋಣೆಯಲ್ಲೇ ಉಳಿಯಿತು. ಊರಿಗೆಲ್ಲ ಆಗಲೇ ಗೊತ್ತಾಗಿದೆ, ನಾಳೆ ಅವರ ರೋಗಿಗಳಿಗೂ ಗೊತ್ತಾಗುತ್ತದೆ. ಸೂಜಿ ಹಿಡಿದು ಯಾರ ಮನೆಗಾದರೂ ಹೋದರೆ ಮೊದಲು ಅವರ ಕೈ ನೋಡುತ್ತಾರೆ.

ಮಧ್ಯಾಹ್ನ ಅವನು ಊಟ ಮಾಡಲಿಲ್ಲ. ಬೆಸುಗೆಯನ್ನು ಮತ್ತೆ ಹಾಕಿಬಿಡಬಹುದಿತ್ತು. ಹಾಕುವುದೂ ಬೇಡ, ಅಳಿಯ ಹೇಳಿದ ಹಾಗೆ ಎಲ್ಲ ಕಿತ್ತು ಪೆಟ್ಟಿಗೆಗೆ ತುಂಬಿ, ರಿಮ್ಮಿನ ರಬ್ಬರು ಕೆರೆದು, ಸಾದಾ ಸೈಕಲ್ಲನ್ನು ಬಾಗಿಲಲ್ಲಿ ನಿಲ್ಲಿಸಿದರೆ ಅಲ್ಲಿಗೆ ಮುಗಿಯಿತು. ನಿಮ್ಮದೇನೂ ತಪ್ಪಿಲ್ಲ ಎಂದು ಅಳಿಯ ಮತ್ತೊಮ್ಮೆ ಕೈ ಕುಲುಕುತ್ತಾನೆ. ಒಂದು ಹೊತ್ತಿನಲ್ಲಿ ಅವನು ಕಟಿಂಗ್ ಪ್ಲೇಯರನ್ನು ಕೈಗೆ ತೆಗೆದುಕೊಂಡೂ ಬಿಟ್ಟ. ಬೆಸುಗೆ ಒಂದೇ ಆಗಿದ್ದರೆ ಹೇಳಿಬಿಡಬಹುದಿತ್ತೇನೋ. ಬೆಸುಗೆ ಯಾರಿಗಾದರೂ ತಪ್ಪುತ್ತದೆ. ಆದರೆ ಕಪಾಟಿನ ಮೇಲಿನ ಖಾನೆಯಲ್ಲಿ, ಇನ್ನೂ ಪ್ಲಾಸ್ಟಿಕ್ ಬಿಚ್ಚದ ಪೊಟ್ಟಣದಲ್ಲಿ, ಹೊಸ ಬ್ರೇಕ್ ಲಿವರು ಇತ್ತು. ಬೆರಳಿನ ಭಾರಕ್ಕೆ ಜಗ್ಗದಂಥ, ಬಿಗಿ ಸ್ಪ್ರಿಂಗಿನ ಲಿವರು. ಅವರಿಗೆಂದೇ ತರಿಸಿದ್ದು. ಅವರು ಬೀಳುವ ಹನ್ನೊಂದು ದಿನ ಮೊದಲೇ ಬಂದಿತ್ತು. ಒಂದು ಫೋನು ಮಾಡಿದ್ದರೆ ಬರುತ್ತಿದ್ದರು, ಇಪ್ಪತ್ತು ನಿಮಿಷದ ಕೆಲಸ. ಅದು ಹಾಕಿದರೆ ಸೈಕಲ್ಲು ಸರಿಯಾಗಿಬಿಡುತ್ತದೆ, ಸರಿಯಾದರೆ ಆಗಾಗ ತಂದು ತೋರಿಸಿ ಎನ್ನುವ ನೆಪವೂ ಇಲ್ಲ, ಅವರಿಗೆ ಇಲ್ಲಿ ಬರುವ ಕೆಲಸವೂ ಇಲ್ಲ. ಇನ್ನೊಂದು ವಾರ ಹೋಗಲಿ ಎಂದು ಅವನು ದಿನಾ ಅದನ್ನು ನೋಡುತ್ತಿದ್ದ, ಮಕ್ಕಳು ಮಿಠಾಯಿ ಕೂಡಿಟ್ಟುಕೊಂಡ ಹಾಗೆ.

ಮೂರು ಗಂಟೆಗೆ, ಬೆಸುಗೆ ಬಿಟ್ಟ ಕಡೆ ಕತ್ತರಿಸಿದ ವೈರಿನ ತುಂಡು, ಬಿಚ್ಚಿದ ಸುಟ್ಟ ಬ್ರೇಕ್ ರಬ್ಬರು, ಆ ಪೊಟ್ಟಣ ಮೂರನ್ನೂ ಜೇಬಿಗೆ ತುಂಬಿಕೊಂಡು, ಸೈಕಲ್ಲು ತಳ್ಳುತ್ತಾ ಹೊರಟ. ಮೋಟಾರಿನ ಸೈಕಲ್ಲು ತಳ್ಳಲು ಭಾರ. ದಾರಿಯಲ್ಲಿ ಯಾರೋ, "ಏನು, ಚಾರ್ಜ್ ಮುಗೀತಾ?" ಎಂದು ಹಲ್ಲುಕಿರಿದರು. ತಿರುವಿನ ಕಾಂಪೌಂಡಿನ ಮೇಲೆ ಸುಣ್ಣ ಕಿತ್ತುಹೋಗಿ ಇಟ್ಟಿಗೆ ಕಾಣುತ್ತಿತ್ತು. ಇಷ್ಟು ಚಿಕ್ಕ ಜಾಗವಾ ಎನ್ನಿಸಿತು ಅವನಿಗೆ.

ಬಾಗಿಲು ತೆಗೆದದ್ದು ಮಗಳು. ಅಳಿಯ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದವನು, "ಅಯ್ಯೋ, ನೀವ್ಯಾಕೆ ಬರೋಕೆ ಹೋದ್ರಿ ಸಾರ್," ಎಂದ. ಸಿಸ್ಟರ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕಾಲ ಬಳಿ ಕಪ್ಪು ಬ್ಯಾಗು ಜಿಪ್ಪು ಹಾಕಿ ಸಿದ್ಧವಾಗಿತ್ತು. ಬಲಗೈಯಲ್ಲಿ ಅಂಚಿನವರೆಗೂ ನೀರು ತುಂಬಿದ ಒಂದು ಲೋಟ. ಕುಡಿಯುತ್ತಿರಲಿಲ್ಲ, ಕೈ ಚಾಚಿ, ನೀರಿನ ಅಂಚನ್ನೇ ನೋಡುತ್ತಿದ್ದರು. "ಬೆಳಿಗ್ಗೆಯಿಂದ ಹೀಗೇ," ಎಂದಳು ಮಗಳು ಪಿಸುದನಿಯಲ್ಲಿ, "ನಡುಗುತ್ತಾ ಅಂತ ನೋಡ್ಕೊಳ್ತಾಳೆ."

ಅವನು ಜೇಬಿನಿಂದ ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟ. "ನಿಮ್ಮ ಕೈ ತಪ್ಪಿಲ್ಲ ಸಿಸ್ಟರ್. ನೀವು ಥ್ರಾಟಲ್ ತಿರುಚಲಿಲ್ಲ. ಈ ತಂತಿ ಬಿಟ್ಟುಹೋಗಿ ಮೋಟಾರು ತಾನೇ ಓಡ್ತು. ಬೆಸುಗೆ ನಂದು. ನೀವು ಬ್ರೇಕ್ ಹಿಡಿದಿದ್ರಿ. ನೋಡಿ, ರಬ್ಬರು ಕರಗಿಹೋಗೋ ಅಷ್ಟು ಹಿಡಿದಿದ್ರಿ."

ಅಳಿಯನ ಬಾಚಣಿಗೆ ನಿಂತಿತು. "ಆದ್ರೆ ಬ್ರೇಕ್ ಹಿಡಿದ್ರೆ ನಿಲ್ಲುತ್ತೆ ಅಂದ್ರಲ್ಲ ಸಾರ್ ನೀವು?"

"ಆ ಸ್ವಿಚ್ಚಿನ ವೈರು ನಾನೇ ಕಳಚಿದ್ದೆ. ಪದೇಪದೇ ಮೋಟಾರು ನಿಲ್ಲುತ್ತೆ ಅಂತ. ನಿಮಗೆ ಹೇಳ್ಲಿಲ್ಲ."

ಸಿಸ್ಟರ್ ಲೋಟ ಕೆಳಗಿಡಲಿಲ್ಲ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ರೋಗಿಯನ್ನು ಎಲ್ಲಿ ನೋವು ಎಂದು ಕೇಳುವ ದನಿ. "ಆಸ್ಪತ್ರೇಲಿ ಹಾಗೆ ಹೇಳುವಾಗ, ಕಳಚಿದ್ದು ನಿಮಗೆ ನೆನಪಿತ್ತಾ?"

ಇರಲಿಲ್ಲ ಎನ್ನಬಹುದಿತ್ತು. ಅವರು ನಂಬುತ್ತಿದ್ದರು ಕೂಡ. ಆದರೂ ಅವನು ಅಂದ, "ನೆನಪಿತ್ತು."

"ಇದು?" ಎಂದರು, ಕಣ್ಣಿನಿಂದಲೇ ಪೊಟ್ಟಣ ತೋರಿಸಿ.

"ಹೊಸ ಲಿವರು. ಇದು ಹಾಕಿದ್ರೆ ಸ್ವಿಚ್ಚು ಮತ್ತೆ ಜೋಡಿಸಬಹುದಿತ್ತು. ನೀವು ಬೀಳೋಕೆ ಹನ್ನೊಂದು ದಿನ ಮೊದಲೇ ಬಂದಿತ್ತು."

"ಯಾಕೆ ಹಾಕ್ಲಿಲ್ಲ?"

ಮಗಳು, ಅಳಿಯ ಇಬ್ಬರೂ ಅವನನ್ನೇ ನೋಡುತ್ತಿದ್ದರು. ಇಷ್ಟು ಜನರ ಮುಂದೆ ಬಟ್ಟೆ ಬಿಚ್ಚಿ ನಿಲ್ಲುವುದು ಇದಕ್ಕಿಂತ ಸುಲಭವಿತ್ತು. "ಹಾಕಿಬಿಟ್ರೆ ನೀವು ಅಂಗಡಿ ಕಡೆ ಬರೋದು ನಿಂತುಹೋಗುತ್ತೆ ಅಂತ," ಎಂದ. "ಬೇರೇನಿಲ್ಲ. ಮನೇಲಿ ಮಾತಾಡೋರು ಯಾರೂ ಇಲ್ಲ ಸಿಸ್ಟರ್."

ಸಿಸ್ಟರ್ ಲೋಟವನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಅದನ್ನು ಬಾಯಿಗೆ ತಂದು, ಒಂದು ಹನಿಯೂ ಚೆಲ್ಲದೆ, ನಿಧಾನವಾಗಿ ಪೂರ್ತಿ ಕುಡಿದು, ಖಾಲಿ ಲೋಟವನ್ನು ಕಿಟಕಿಯಲ್ಲಿಟ್ಟರು. ಕಣ್ಣಿನಲ್ಲಿ ನೀರಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ. ಬಗ್ಗಿ ಬ್ಯಾಗನ್ನು ಎತ್ತಿ, ಒಳಗಿನ ಕೋಣೆಗೆ ಹೋದರು; ಅದು ಯಾವಾಗಲೂ ಇರುತ್ತಿದ್ದ ಮೊಳೆಗೆ ತೂಗುಹಾಕಿದ ಸದ್ದು ಕೇಳಿಸಿತು. ಮಗಳು, "ಅಮ್ಮ, ಕ್ಲಿನಿಕ್ಕಿಗೆ?" ಎಂದಳು. ಒಳಗಿನಿಂದಲೇ ಸಿಸ್ಟರ್, "ಡಾಕ್ಟ್ರಿಗೆ ಫೋನ್ ಮಾಡು. ಪ್ಲಾಸ್ಟರ್ ತೆಗೆದ ಮೇಲೆ ಬರ್ತೀನಿ ಅಂತ ಹೇಳು."

ವಾಪಸ್ ಬಂದು ಅವನೆದುರು ನಿಂತರು. ಅವರ ಮುಖದಲ್ಲಿ ಏನಿದೆಯೆಂದು ಅವನಿಗೆ ಓದಲಾಗಲಿಲ್ಲ.

"ಹನ್ನೆರಡು ದಿನ," ಎಂದರು. "ಈ ಕೈಲಿ ಮಗು ಮುಟ್ಟೋಕೂ ಹೆದರಿದ್ದೆ ನಾನು. ಮೊಮ್ಮಗಳು ಎತ್ಕೋ ಅಂದ್ರೂ ಎತ್ಕೊಳ್ಳಲಿಲ್ಲ."

ಅವನು ತಲೆ ತಗ್ಗಿಸಿದ.

"ಬಂದು ಹೇಳಿದ್ರಲ್ಲ, ಒಳ್ಳೇದಾಯ್ತು. ನಿಮ್ಮಮ್ಮ ಇದ್ದಿದ್ರೂ ಕಳಿಸ್ತಿದ್ರು." ಮೇಜಿನ ಮೇಲಿನ ಪೊಟ್ಟಣವನ್ನು ಅವನ ಕಡೆ ಸರಿಸಿ, "ಸೈಕಲ್ ನನಗೆ ಬೇಕು. ತಂತಿ ಸರಿ ಮಾಡಿ, ಆ ಲಿವರ್ ಹಾಕಿಡಿ. ನಾಳೆ ಅಳಿಯ ಬಂದು ತಗೊಂಡು ಹೋಗ್ತಾನೆ," ಎಂದರು. ಮತ್ತೆ, ಅವನಿಗೆ ಅರ್ಥವಾಗಿರಲಿಕ್ಕಿಲ್ಲ ಎಂಬಂತೆ, "ನಾನು ಬರಲ್ಲ," ಎಂದರು. ಇಂಜಿನಿಯರ್ರೇ ಎನ್ನಲಿಲ್ಲ.

ಅಂಗಡಿಗೆ ಬಂದು ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದಾಗ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ತಂತಿಯ ಹಳೆಯ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಬೆಸುಗೆ ಹಾಕಿ, ಎರಡು ಸೆಕೆಂಡಿನ ಜಾಗದಲ್ಲಿ ಇಪ್ಪತ್ತು ಎಣಿಸಿದ. ಕೋಣೆಯಲ್ಲಿ ನಗಿಸುವವರು ಯಾರೂ ಇರಲಿಲ್ಲ. ಬೆಸುಗೆ ಹೊಳೆಯಿತು. ಬ್ರೇಕ್ ರಬ್ಬರು ಬದಲಾಯಿಸಿ, ಪೊಟ್ಟಣ ಹರಿದು ಲಿವರು ಕೂರಿಸಿ, ಟೇಪು ಸುತ್ತಿದ್ದ ಹಳೆಯ ವೈರನ್ನು ತೆಗೆದು, ಹೊಸ ಸ್ವಿಚ್ಚಿನ ವೈರನ್ನು ಕಂಟ್ರೋಲರಿಗೆ ಜೋಡಿಸಿದ. ಹ್ಯಾಂಡಲ್ಲನ್ನು ಎಡಕ್ಕೆ, ಬಲಕ್ಕೆ, ಪೂರ್ತಿ ತಿರುಗಿಸಿದ. ಥ್ರಾಟಲ್ಲು ತಿರುಚಿ ಚಕ್ರ ಓಡಿಸಿ, ಲಿವರಿನ ಮೇಲೆ ಎರಡು ಬೆರಳಿಟ್ಟ, ಅವರು ಇಡುತ್ತಿದ್ದ ಹಾಗೇ. ಚಕ್ರ ಓಡುತ್ತಲೇ ಇತ್ತು. ಎಳೆದ, ಮೋಟಾರಿನ ಸದ್ದು ಥಟ್ಟನೆ ನಿಂತು, ಚಕ್ರವೂ ನಿಂತಿತು. ಎಲ್ಲ ಸೇರಿ ಅರ್ಧ ಗಂಟೆಯೂ ಹಿಡಿಯಲಿಲ್ಲ. ಸ್ಟೂಲನ್ನು ಮೇಜಿನ ಕೆಳಗೆ ತಳ್ಳಿ, ಅವನು ಮತ್ತೊಮ್ಮೆ ಓಡಿಸಿ ನಿಲ್ಲಿಸಿದ, ಮತ್ತೊಮ್ಮೆ.